ಚೀಲ ಇಟ್ಟುಕೊಳ್ಳುತ್ತೀರಾ?

ಮನೆಯಿಲ್ಲದವರು ರಾತ್ರಿ ಮಲಗಲೆಂದು ನಮ್ಮ ಸಂಸ್ಥೆ ನಡೆಸುತ್ತಿದ್ದ ತಂಗುದಾಣದಲ್ಲಿ ಆ ರಾತ್ರಿ ಹನ್ನೊಂದು ಹಾಸಿಗೆಗಳು ಖಾಲಿ ಇದ್ದವು. ಸಂಖ್ಯೆ ಇಷ್ಟು ಖಚಿತವಾಗಿ ನೆನಪಿರಲು ಕಾರಣ, ಅದನ್ನು ರಿಜಿಸ್ಟರಿನಲ್ಲಿ ಬರೆದವನು ನಾನೇ. ಸಂಜೆ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಹತ್ತು ಗಂಟೆ ದಾಟಿದ ಮೇಲೆ ಐವತ್ತರ ಆಸುಪಾಸಿನ ಒಬ್ಬರು ಬಾಗಿಲ ಬಳಿ ಬಂದು ನಿಂತರು. ಮೊಣಕಾಲಿನವರೆಗೆ ಒದ್ದೆಯಾಗಿದ್ದರು. ಹೆಗಲಿಗೆ ಒಂದು ರೆಕ್ಸಿನ್ ಚೀಲ. ಜಿಪ್ ಕಿತ್ತುಹೋಗಿದ್ದರಿಂದ ಅದರ ಬಾಯಿಗೆ ಪ್ಲಾಸ್ಟಿಕ್ ಹಗ್ಗವನ್ನು ಎರಡು ಸುತ್ತು ಬಿಗಿದಿದ್ದರು. ಒಳಗೆ ಬನ್ನಿ, ಜಾಗವಿದೆ ಎಂದೆ. ಅವರು ಹೊಸ್ತಿಲಿನ ಆಚೆಯೇ ನಿಂತು, "ಮಲಗೋಕೆ ಬೇಡ ಸಾರ್. ಈ ಚೀಲ ಒಂದನ್ನ ನಾಳೆ ಸಾಯಂಕಾಲದವರೆಗೂ ಇಟ್ಕೊಳ್ತೀರಾ?" ಎಂದು ಕೇಳಿದರು.

ನಮ್ಮಲ್ಲಿ ಆಗ ಒಂದು ನಿಯಮವಿತ್ತು. ಒಳಗೆ ಮಲಗುವವರ ಸಾಮಾನನ್ನು ಮಾತ್ರ ಇಟ್ಟುಕೊಳ್ಳಬೇಕು, ಹೊರಗಿನವರದ್ದನ್ನು ಮುಟ್ಟಬಾರದು. ನಿಯಮಕ್ಕೆ ಕಾರಣವೂ ಇತ್ತು: ಹಿಂದೊಮ್ಮೆ ಯಾರೋ ಬಿಟ್ಟುಹೋದ ಗಂಟಿನಲ್ಲಿ ಕದ್ದ ಮಾಲು ಸಿಕ್ಕಿ ಸಂಸ್ಥೆಯವರು ವಾರಗಟ್ಟಲೆ ಪೊಲೀಸ್ ಠಾಣೆಗೆ ಅಲೆದಿದ್ದರಂತೆ. ನಾನು ಆ ನಿಯಮವನ್ನು ಆದಷ್ಟು ಮೃದುವಾಗಿ ಹೇಳಿದೆ. ಅವರು ವಾದಿಸಲಿಲ್ಲ. "ಸರಿ ಬಿಡಿ" ಎಂದವರೇ ಚೀಲವನ್ನು ಮತ್ತೆ ಹೆಗಲಿಗೇರಿಸಿಕೊಂಡು ಮಳೆಯಲ್ಲಿ ನಡೆದುಹೋದರು. ನಾನು ಒಳಗೆ ಬಂದು, ಹನ್ನೊಂದು ಖಾಲಿ ಎಂದು ಬರೆದು ಸಹಿ ಹಾಕಿದೆ.

ಎರಡು ವಾರ ಕಳೆದ ಮೇಲೆ ಅದೇ ವ್ಯಕ್ತಿ ಹಗಲು ಹೊತ್ತಿನಲ್ಲಿ ಸಂಸ್ಥೆಯ ಕಚೇರಿಗೆ ಬಂದಿದ್ದರು. ಈ ಸಲ ಚೀಲ ಇರಲಿಲ್ಲ. ಕೂಲಿಗೆ ಹೋದ ಜಾಗದಲ್ಲಿ ಅದನ್ನು ಒಂದು ಮೂಲೆಯಲ್ಲಿ ಇಟ್ಟಿದ್ದರಂತೆ, ಸಂಜೆ ಹೋಗಿ ನೋಡಿದರೆ ಮೂಲೆ ಬರಿದಾಗಿತ್ತಂತೆ. ಎರಡು ಜೊತೆ ಬಟ್ಟೆ, ಕನ್ನಡಕ, ಗುರುತಿನ ಚೀಟಿ, ಹಳೆಯ ಮಾಲೀಕರೊಬ್ಬರು 'ಈತ ನಂಬಿಗಸ್ತ' ಎಂದು ಬರೆದುಕೊಟ್ಟಿದ್ದ ಒಂದು ಹಾಳೆ, ಎಲ್ಲವೂ ಅದರಲ್ಲೇ ಇದ್ದವು. ಬಟ್ಟೆಯ ವಿಷಯವನ್ನು ಅವರು ಎತ್ತಲೇ ಇಲ್ಲ; ಆ ಹಾಳೆಯ ವಿಷಯವನ್ನು ಮೂರು ಸಲ ಹೇಳಿದರು. ನನ್ನನ್ನು ಗುರುತಿಸಿದರೋ ಇಲ್ಲವೋ ತಿಳಿಯದು. ನಾನಂತೂ ಗುರುತಿಸಿದೆ, ಗುರುತಿಸಿಯೂ ಸುಮ್ಮನಿದ್ದೆ. ಈ ಬರಹ ಹುಟ್ಟಿದ್ದು ಆ ಸುಮ್ಮನಿದ್ದುದರಿಂದ.

ಬೇಡ ಎಂದವರ ಲೆಕ್ಕ

'ಅವರಿಗೆ ಬೀದಿಯೇ ರೂಢಿಯಾಗಿಬಿಟ್ಟಿದೆ, ಕರೆದರೂ ಬರುವುದಿಲ್ಲ' ಎಂಬ ಮಾತನ್ನು ಈ ಕೆಲಸದ ಸುತ್ತಮುತ್ತ ಇರುವವರೆಲ್ಲ ಒಮ್ಮೆಯಾದರೂ ಆಡಿರುತ್ತಾರೆ. ನಾನೂ ಆಡಿದ್ದೇನೆ. ಆ ಮಾತಿನಲ್ಲಿ ಒಂದು ಸಮಾಧಾನವಿದೆ: ಹಾಸಿಗೆ ಹಾಕಿದ್ದು ನಮ್ಮ ಕರ್ತವ್ಯ, ಬಂದು ಮಲಗದಿರುವುದು ಅವರ ಹಣೆಬರಹ ಎಂದು ಕೈತೊಳೆದುಕೊಳ್ಳಬಹುದು. ನಮ್ಮ ತಂಡದ ಹಿರಿಯ ಕಾರ್ಯಕರ್ತೆಯೊಬ್ಬರು, ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದುದು, ಈ ಮಾತನ್ನು ಕೇಳಿದಾಗಲೆಲ್ಲ ಸಿಡುಕುತ್ತಿದ್ದರು. "ಕೈಲಿರೋ ಫಾರಂ ಕೆಳಗಿಟ್ಟು ಹೋಗಿ ಕೇಳು, ಯಾಕೆ ಬರಲ್ಲ ಅಂತ ಅವರೇ ಹೇಳ್ತಾರೆ" ಎಂದು ಒಂದು ದಿನ ನನ್ನನ್ನು ಅಟ್ಟಿದರು.

ಕೇಳಿದೆ. ಹೇಳಿದರು. ಗಂಡಸರಿಗೊಂದು ಕೋಣೆ, ಹೆಂಗಸರಿಗೊಂದು ಕೋಣೆ ಎಂದರೆ ಇಪ್ಪತ್ತು ವರ್ಷ ಜೊತೆಯಲ್ಲಿ ಬಾಳಿದ ದಂಪತಿಗಳು ಬೇರೆ ಬೇರೆ ಮಲಗಬೇಕು. ಗಂಡನಿಗೆ ರಾತ್ರಿ ಫಿಟ್ಸ್ ಬಂದರೆ ನೋಡುವವರು ಯಾರು ಎಂದು ಒಬ್ಬಾಕೆ ಕೇಳಿದರು. ಹದಿನಾಲ್ಕು ವರ್ಷದ ಮಗ ತಾಯಿಯೊಂದಿಗೆ ಹೆಂಗಸರ ಕೋಣೆಗೆ ಬರುವಂತಿಲ್ಲ, ಒಬ್ಬನೇ ಗಂಡಸರ ಕೋಣೆಯಲ್ಲಿ ಮಲಗುವಷ್ಟು ದೊಡ್ಡವನೂ ಅಲ್ಲ. ಬಾಗಿಲು ಇಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದರೆ ಹನ್ನೊಂದಕ್ಕೆ ಕೆಲಸ ಬಿಡುವವರಿಗೆ ಬಾಗಿಲೇ ಇಲ್ಲ. (ಮನೆ ಇಲ್ಲದವರಿಗೆ ಕೆಲಸವೂ ಇರುವುದಿಲ್ಲ ಎಂದು ನಾವು ಅಂದುಕೊಳ್ಳುವುದು ಎಷ್ಟು ಗಟ್ಟಿಯಾದ ತಪ್ಪು ಎಂದರೆ, ವರ್ಷಗಟ್ಟಲೆ ಅವರ ನಡುವೆ ಓಡಾಡಿದ ಮೇಲೂ ಅದು ನನ್ನಿಂದ ಪೂರ್ತಿ ಹೋಗಿಲ್ಲ.) ಸಾಕಿದ ನಾಯಿಯನ್ನು ಬಿಟ್ಟು ಬರಲಾರದವರಿದ್ದರು. ಕುಡಿದಿದ್ದರೆ ಒಳಗೆ ಬಿಡುವುದಿಲ್ಲ ಎಂಬುದು ಗೊತ್ತಿದ್ದು, ಬೇಡ ಅನ್ನಿಸಿಕೊಳ್ಳುವುದಕ್ಕಿಂತ ತಾವೇ ಬೇಡ ಎನ್ನುವುದು ಲೇಸೆಂದು ದೂರ ಉಳಿದವರಿದ್ದರು. ಹಿಂದೆ ಎಲ್ಲೋ ಕೂಡಿಹಾಕಿಸಿಕೊಂಡ ನೆನಪಿನಿಂದ, ಹೊರಗಿನಿಂದ ಚಿಲಕ ಬೀಳುವ ಯಾವ ಕಟ್ಟಡಕ್ಕೂ ಕಾಲಿಡದವರಿದ್ದರು.

ನನಗೆ ಹೊಳೆದೇ ಇರದಿದ್ದ ಕಾರಣವೆಂದರೆ ಜಾಗದ ಕಾರಣ. ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಮೂರು ವರ್ಷದಿಂದ ಮಲಗುತ್ತಿದ್ದ ಮುದುಕರೊಬ್ಬರು ನನಗೆ ಅದನ್ನು ಬಿಡಿಸಿ ಹೇಳಿದರು. ಅಲ್ಲಿ ಗಾಳಿ ಬೀಸಿದರೂ ಎರಚಲು ಬಡಿಯುವುದಿಲ್ಲ, ಬೀದಿದೀಪವಿದೆ, ಕಾವಲುಗಾರನ ಪರಿಚಯವಿದೆ, ಬೆಳಿಗ್ಗೆ ಅಂಗಡಿಯ ಯಜಮಾನರು ಬೈಯುವ ಮೊದಲೇ ಗುಡಿಸಿ ಏಳುವ ಒಪ್ಪಂದವಿದೆ. ನಾಲ್ಕು ರಾತ್ರಿ ತಂಗುದಾಣದಲ್ಲಿ ಮಲಗಿ ಬಂದರೆ ಆ ಜಾಗದಲ್ಲಿ ಬೇರೊಬ್ಬರಿರುತ್ತಾರೆ. ನಮ್ಮ ಹಾಸಿಗೆ ಅವರಿಗೆ ಎಷ್ಟು ರಾತ್ರಿ ಖಾತ್ರಿ ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ನಾವು ಹಾಸಿಗೆಯನ್ನು ದಿನದ ಲೆಕ್ಕದಲ್ಲಿ ಕೊಡುತ್ತಿದ್ದೆವು. ಅವರು ಮಾಡಿದ್ದು ನಾನಾದರೂ ಮಾಡುತ್ತಿದ್ದ ಲೆಕ್ಕ. ರೂಢಿ ಎಂದು ನಾವು ಹೆಸರಿಟ್ಟದ್ದು ಹೀಗೆ ಒಂದೊಂದಾಗಿ ಕೂಡಿ ಕಳೆದು ಬಂದ ಮೊತ್ತ.

ಹಾಗೆಂದು ತಂಗುದಾಣಗಳು ಬೇಡ ಎನ್ನುವ ಮಾತು ನನ್ನ ಬಾಯಲ್ಲಿ ಬಾರದು. ಭಾರತದಲ್ಲಿ 2011ರ ಜನಗಣತಿ 17.7 ಲಕ್ಷ ಜನರನ್ನು ಮನೆಯಿಲ್ಲದವರೆಂದು ಎಣಿಸಿತ್ತು. ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ತಂಗುದಾಣ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಬೇಕಾಗಿ ಬಂದದ್ದು ಚಳಿಗೆ ಜನ ಸಾಯುತ್ತಿದ್ದುದರಿಂದ. ಸಾಯುವವರಿಗೆ ಮೊದಲು ಬೇಕಾದದ್ದು ಮಾಡು ಮತ್ತು ಕಂಬಳಿ. ನನ್ನ ತಕರಾರು ಇರುವುದು ಹಾಸಿಗೆ ಎಣಿಕೆಗೆ ಸಿಗುವ ವಸ್ತು ಎಂಬ ಒಂದೇ ಕಾರಣಕ್ಕೆ ನಮ್ಮ ಕೆಲಸದ ಅಳತೆಗೋಲಾಗಿಬಿಡುವುದರ ಬಗ್ಗೆ. ಆ ರಾತ್ರಿಯ ರಿಜಿಸ್ಟರಿನಲ್ಲಿ ಹನ್ನೊಂದು ಎಂಬ ಅಂಕಿ ಇದೆ; ಚೀಲದ ವಿಷಯಕ್ಕೆ ಅಲ್ಲಿ ಕಾಲಮ್ಮೇ ಇರಲಿಲ್ಲ.

ಮೆಟ್ಟಿಲು ಹತ್ತಿಸುವವರು

ಬಹಳ ಕಾಲ, ಬಹಳ ದೇಶಗಳಲ್ಲಿ, ಈ ಕ್ಷೇತ್ರದ ಸಂಸ್ಥೆಗಳು ಮೆಟ್ಟಿಲಿನ ತರ್ಕವನ್ನು ನಂಬಿ ನಡೆದವು. ಮೊದಲು ಬೀದಿಯಿಂದ ಸಾಮೂಹಿಕ ಕೋಣೆಗೆ ಬರಬೇಕು. ಅಲ್ಲಿ ಶಿಸ್ತಿನಿಂದಿದ್ದರೆ ಕುಡಿತ ಬಿಡಿಸುವ ಕೇಂದ್ರಕ್ಕೋ ಚಿಕಿತ್ಸೆಗೋ ಹೋಗಬೇಕು. ಅದು ಕೂಡಿಬಂದರೆ ಕೆಲವು ತಿಂಗಳ ಮಟ್ಟಿಗೆ ಸಣ್ಣ ವಸತಿ. ಅಲ್ಲೂ ತೇರ್ಗಡೆಯಾದರೆ ಕೊನೆಯ ಮೆಟ್ಟಿಲಿನಲ್ಲಿ ಸ್ವಂತದ್ದೆನ್ನಬಹುದಾದ ಮನೆ. ನಡುವೆ ಎಲ್ಲಿ ಜಾರಿದರೂ ಮತ್ತೆ ನೆಲದಿಂದ ಶುರು. ಕೇಳಲು ಇದು ನ್ಯಾಯವಾಗಿಯೇ ಇದೆ. ಆದರೆ ರಾತ್ರಿಯೆಲ್ಲ ಒಂದು ಕಣ್ಣು ತೆರೆದೇ ಮಲಗುವವನಿಗೆ ಮೊದಲು ನೆಮ್ಮದಿಯಾಗಿರಲು ಕಲಿ, ಆಮೇಲೆ ಬಾಗಿಲಿರುವ ಕೋಣೆ ಕೊಡುತ್ತೇನೆ ಎಂದಂತೆ ಇದು.

1992ರಲ್ಲಿ ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ 'ಪಾತ್‌ವೇಸ್ ಟು ಹೌಸಿಂಗ್' ಎಂಬ ಸಂಸ್ಥೆಯನ್ನು ಕಟ್ಟಿ ಈ ಕ್ರಮವನ್ನೇ ತಿರುಗಿಸಿದರು. ತೀವ್ರ ಮಾನಸಿಕ ಕಾಯಿಲೆ ಇದ್ದು ಬೀದಿಯಲ್ಲಿದ್ದವರಿಗೆ, ಚಿಕಿತ್ಸೆಗೆ ಒಪ್ಪಿದರೂ ಒಪ್ಪದಿದ್ದರೂ, ಮೊದಲು ಸಾಮಾನ್ಯ ಕಟ್ಟಡದಲ್ಲಿ ಬಾಡಿಗೆಯ ಮನೆ. ವೈದ್ಯರು, ದಾದಿಯರು, ಸಮಾಜ ಕಾರ್ಯಕರ್ತರು ಆ ಮನೆಗೇ ಹೋಗಿ ಬರುತ್ತಿದ್ದರು. ಐದು ವರ್ಷದ ದಾಖಲೆಗಳನ್ನು ನೋಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೀಗೆ ಮನೆ ಪಡೆದವರಲ್ಲಿ ಶೇ. 88ರಷ್ಟು ಜನ ಮನೆಯಲ್ಲೇ ಉಳಿದಿದ್ದರು. ನಗರದ ಮಾಮೂಲಿ ವ್ಯವಸ್ಥೆಯಲ್ಲಿದ್ದವರ ಪೈಕಿ ಹಾಗೆ ಮನೆಯಲ್ಲಿ ಉಳಿದವರು ಶೇ. 47. ನಂತರ ಕೆನಡಾ 2009ರಿಂದ 2013ರವರೆಗೆ ಐದು ನಗರಗಳಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಇದನ್ನು ದೊಡ್ಡದಾಗಿ ಪರೀಕ್ಷಿಸಿತು. ಅಲ್ಲಿಯೂ ಮೊದಲು ಮನೆ ಸಿಕ್ಕವರು ಮನೆಯಲ್ಲಿ ನೆಲೆನಿಂತ ಪ್ರಮಾಣ ಉಳಿದವರಿಗಿಂತ ಬಹಳ ಹೆಚ್ಚಾಗಿತ್ತು. ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಸಂಗತಿಯನ್ನು ಈ ವಿಧಾನದ ಅಭಿಮಾನಿಗಳು ಕೆಲವೊಮ್ಮೆ ನುಂಗಿಬಿಡುತ್ತಾರೆ: ಮಾನಸಿಕ ಕಾಯಿಲೆಯ ಲಕ್ಷಣಗಳಲ್ಲಿ, ಕುಡಿತ ಮತ್ತು ಮಾದಕ ವಸ್ತುಗಳ ಬಳಕೆಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮನೆ ಔಷಧಿಯ ಕೆಲಸ ಮಾಡಲಿಲ್ಲ, ಮನೆಯ ಕೆಲಸವನ್ನು ಮಾಡಿತು. ನನಗೆ ಅಷ್ಟು ಸಾಕೆನಿಸುತ್ತದೆ. ಕಾಯಿಲೆ ವಾಸಿಯಾಗದ, ಚಟ ಬಿಡದ ಎಷ್ಟೋ ಜನ ಮನೆಗಳಲ್ಲಿ ವಾಸಿಸುತ್ತಿದ್ದಾರೆ. ಅವರನ್ನು ಯಾರೂ ಹೊರಗೆ ಹಾಕುವುದಿಲ್ಲ, ಏಕೆಂದರೆ ಬಾಡಿಗೆ ಕಟ್ಟಲು ಅವರ ಬಳಿ ದುಡ್ಡಿದೆ.

ಮೊದಲು ಮನೆ ಎಂಬ ಇದೇ ದಾರಿ ಹಿಡಿದು ಮನೆಯಿಲ್ಲದವರ ಸಂಖ್ಯೆಯನ್ನು ಇಳಿಸಿದ ಫಿನ್ಲೆಂಡಿನ ಕತೆಯನ್ನು ಎಲ್ಲರೂ ಹೇಳುತ್ತಾರಾದ್ದರಿಂದ ನಾನು ಒಂದೇ ವಿವರವನ್ನು ಎತ್ತಿಕೊಳ್ಳುತ್ತೇನೆ. ಹೆಲ್ಸಿಂಕಿ ನಗರದ ತಂಗುದಾಣ ಮತ್ತು ಹಾಸ್ಟೆಲುಗಳಲ್ಲಿ 1985ರಲ್ಲಿ 2,121 ಹಾಸಿಗೆಗಳಿದ್ದವು. 2016ರ ಹೊತ್ತಿಗೆ 52 ಉಳಿದವು. ಬಹುಪಾಲು ಹಳೆಯ ಕಟ್ಟಡಗಳನ್ನು ಒಡೆದು, ಗೋಡೆ ಎಬ್ಬಿಸಿ, ಬಾಡಿಗೆ ಕರಾರಿನ ಪುಟ್ಟ ಮನೆಗಳನ್ನಾಗಿ ಮಾಡಿದರು. 1985ರಲ್ಲಿ ಹುಟ್ಟಿದ ವೈ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ಮನೆಗಳನ್ನು ಕೊಂಡು, ಕಟ್ಟಿ, ಬಾಡಿಗೆಗೆ ಕೊಡುತ್ತ ಬಂದಿತ್ತು. 2008ರ ರಾಷ್ಟ್ರೀಯ ಕಾರ್ಯಕ್ರಮ ಅದರ ಬೆನ್ನಿಗಿತ್ತು. ಒಂದು ಸಂಸ್ಥೆ ತನ್ನ ಹಾಸಿಗೆಗಳ ಸಂಖ್ಯೆ ಇಳಿಯುವುದನ್ನು ಸಾಧನೆಯೆಂದು ವರದಿಯಲ್ಲಿ ಬರೆದುಕೊಳ್ಳುವುದು ಎಂದರೆ ಏನು ಎಂದು ನಾನು ಆಗಾಗ ಯೋಚಿಸುತ್ತೇನೆ. ನಮ್ಮ ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಹಾಸಿಗೆಗಳ ಸಂಖ್ಯೆ ಏರಿದ ಚಿತ್ರವಿರುತ್ತಿತ್ತು, ಬಾಣದ ಗುರುತಿನ ಸಮೇತ. ಅಂದಹಾಗೆ, ಅಲ್ಲಿಯೂ ಗೆಲುವು ಶಾಶ್ವತವಾಗಿ ಬರೆದಿಟ್ಟದ್ದೇನಲ್ಲ. ವರ್ಷಗಟ್ಟಲೆ ಇಳಿದ ಮನೆಯಿಲ್ಲದವರ ಸಂಖ್ಯೆ 2024ರಲ್ಲಿ ಮತ್ತೆ ಏರಿತು.

ವಿಳಾಸ ಎಂಬ ಕಾಲಮ್

ಚೀಲ ಕಳೆದುಕೊಂಡವರ ಗುರುತಿನ ಚೀಟಿಯನ್ನು ಮರಳಿ ಮಾಡಿಸಿಕೊಡುವ ಕೆಲಸವನ್ನು ಅಕ್ಕ ನನ್ನ ತಲೆಗೇ ಕಟ್ಟಿದರು. ಅವರಿಗೆ ಆ ರಾತ್ರಿಯ ಸಂಗತಿ ಗೊತ್ತಿತ್ತೋ ಏನೋ, ಕೇಳುವ ಧೈರ್ಯ ನನಗಾಗಲಿಲ್ಲ. ಮೊದಲ ದಿನ ನಾವಿಬ್ಬರೂ ಕಚೇರಿಯೊಂದರ ಮುಂದೆ ಮೂರು ಗಂಟೆ ಸರದಿಯಲ್ಲಿ ನಿಂತೆವು. ಕಿಟಕಿಯ ಒಳಗಿದ್ದವರು ಫಾರಂ ಮೇಲೆ ಬೆರಳಿಟ್ಟು, "ವಿಳಾಸ ಬರೆದಿಲ್ಲವಲ್ಲ" ಎಂದರು. ಮನೆಯಿಲ್ಲ ಎಂದೆ. "ಈಗಿನದು ಇಲ್ಲದಿದ್ದರೆ ಹಿಂದಿನದು ಬರೆಯಿರಿ." ಹಿಂದಿನ ಮನೆ ಕೆಡವಿದ್ದಾರೆ ಎಂದೆ. "ಹಾಗಾದರೆ ಅದರ ದಾಖಲೆ ತನ್ನಿ." ದಾಖಲೆ ಚೀಲದಲ್ಲಿತ್ತು, ಚೀಲ ಕಳೆದಿದೆ. "ಕಳೆದಿದೆ ಅಂತ ಪೊಲೀಸ್ ಠಾಣೆಯಿಂದ ಬರೆಸಿಕೊಂಡು ಬನ್ನಿ." ಠಾಣೆಗೆ ಹೋದರೆ ದೂರು ಬರೆದುಕೊಳ್ಳುವವರು ಮೊದಲು ಕೇಳಿದ್ದು ಗುರುತಿನ ಚೀಟಿಯನ್ನು.

ಇದನ್ನು ಬರೆಯುವಾಗ ನಗು ಬರುತ್ತದೆ, ಆ ದಿನ ಬಂದಿರಲಿಲ್ಲ. ಕಿಟಕಿಯ ಒಳಗಿದ್ದವರು ಕೆಟ್ಟವರೂ ಆಗಿರಲಿಲ್ಲ. ನಡುವೆ ಎದ್ದು ಬಂದು ನಮ್ಮ ಜೊತೆಗಿದ್ದವರಿಗೆ ಕುರ್ಚಿ ಕೊಟ್ಟರು. ಅವರ ಮುಂದಿದ್ದ ಫಾರಂ, ಮನುಷ್ಯ ಎಂದರೆ ಎಲ್ಲಾದರೂ ಒಂದು ಕಡೆ ಇರುವವನು ಎಂಬ ನಂಬಿಕೆಯ ಮೇಲೆ ಅಚ್ಚಾಗಿತ್ತು, ಅಷ್ಟೇ. ಆ ಒಂದು ಕಾಲಮ್ ಖಾಲಿಯಾದರೆ ಅದರ ಹಿಂದೆ ಸಾಲುಗಟ್ಟಿದ ಎಲ್ಲವೂ ಖಾಲಿಯಾಗುತ್ತವೆ: ಬ್ಯಾಂಕ್ ಖಾತೆ, ಪಿಂಚಣಿ, ಆಸ್ಪತ್ರೆಯ ರಿಯಾಯಿತಿ, ಮತದಾನ, ಕೆಲಸ ಕೊಡುವವರ ನಂಬಿಕೆ. ಬಡತನ ಮನೆಯನ್ನು ಕಿತ್ತುಕೊಂಡ ಮೇಲೆ, ಮನೆ ಇಲ್ಲದಿರುವುದು ಬಡತನದಿಂದ ಹೊರಬರುವ ಒಂದೊಂದೇ ಬಾಗಿಲನ್ನು ಹೀಗೆ ಸದ್ದಿಲ್ಲದೆ ಮುಚ್ಚುತ್ತ ಹೋಗುತ್ತದೆ.

ಎಂಟು ಸಲ ಓಡಾಡಿದ ಮೇಲೆ ಚೀಟಿ ಸಿಕ್ಕಿತು. ಸಿಕ್ಕಿದ್ದು ನಮ್ಮ ಸಂಸ್ಥೆ ತನ್ನ ವಿಳಾಸವನ್ನು ಅವರ ವಿಳಾಸವೆಂದು ಲೆಟರ್‌ಹೆಡ್ಡಿನ ಮೇಲೆ ಬರೆದು, ಸೀಲು ಒತ್ತಿ ಕೊಟ್ಟ ಮೇಲೆ. ಸೂರಿಲ್ಲದವರ ನಡುವೆ ಕೆಲಸ ಮಾಡುವ ಸಂಸ್ಥೆಗಳು ಬೇರೆ ಬೇರೆ ದೇಶಗಳಲ್ಲಿ ಇದೇ ಸೇವೆಯನ್ನು ಕೊಡುತ್ತವೆ ಎಂದು ನನಗೆ ಆಮೇಲೆ ತಿಳಿಯಿತು: ಅವರ ಹೆಸರಿಗೆ ಬರುವ ಅಂಚೆಯನ್ನು ತೆಗೆದಿಟ್ಟುಕೊಂಡು ಬಂದಾಗ ಕೊಡುವುದು. ಹೇಳಿಕೊಳ್ಳಲು ಏನೂ ಅಲ್ಲದ ಕೆಲಸ. ಆದರೆ ನ್ಯಾಯಾಲಯದ ನೋಟಿಸು, ಆಸ್ಪತ್ರೆಯ ದಿನಾಂಕ, ಎಂದೋ ದೂರವಾದ ಮಗಳ ಕಾಗದ, ಇವೆಲ್ಲ ತಲುಪಬೇಕಾದರೆ ಎಲ್ಲೋ ಒಂದು ಮೇಜಿನ ಖಾನೆಯಲ್ಲಿ ಅವರ ಹೆಸರು ಬರೆದಿರಬೇಕು.

ಕಾಗದದ ಮಾತು ಬಂದಾಗಲೆಲ್ಲ ನನಗೆ ಪ್ಯಾರಿಸ್ಸಿನ ಒಂದು ಘಟನೆ ನೆನಪಾಗುತ್ತದೆ. 1954ರ ಚಳಿಗಾಲದಲ್ಲಿ ಅಲ್ಲಿನ ಬೀದಿಯೊಂದರಲ್ಲಿ ಮಹಿಳೆಯೊಬ್ಬರು ಚಳಿಗೆ ಸೆಟೆದು ಸತ್ತುಬಿದ್ದಿದ್ದರು. ಎರಡು ದಿನದ ಹಿಂದೆ ಅವರನ್ನು ಮನೆಯಿಂದ ಹೊರಹಾಕಲು ಕೊಟ್ಟಿದ್ದ ಕಾಗದ ಅವರ ಕೈಯಲ್ಲಿ ಹಾಗೆಯೇ ಇತ್ತು. ಮನೆಯಿಲ್ಲದವರ ನಡುವೆ ಕೆಲಸ ಮಾಡುವ ಎಮ್ಮಾವುಸ್ ಚಳವಳಿಯನ್ನು ಐದು ವರ್ಷ ಹಿಂದೆ ಆರಂಭಿಸಿದ್ದ ಪಾದ್ರಿ ಅಬ್ಬೆ ಪಿಯೆರ್ ಫೆಬ್ರವರಿ 1ರಂದು ರೇಡಿಯೊದಲ್ಲಿ ಆ ಸಾವನ್ನು ಹೇಳಿ ಜನರ ಮುಂದೆ ಕೈಯೊಡ್ಡಿದರು. ಕಂಬಳಿ, ಒಲೆ, ಹಣ ಪ್ರವಾಹದಂತೆ ಬಂದವು. ಆದರೆ ನಾನು ಹೆಚ್ಚು ತೂಕ ಕೊಡುವುದು ಸುಮಾರು ಮೂರು ವರ್ಷದ ನಂತರ, 1956ರ ಡಿಸೆಂಬರಿನಲ್ಲಿ ಬಂದ ಕಾನೂನಿಗೆ. ಚಳಿಗಾಲದ ತಿಂಗಳುಗಳಲ್ಲಿ ಬಾಡಿಗೆದಾರರನ್ನು ಮನೆಯಿಂದ ಹೊರಹಾಕುವುದನ್ನು ಅದು ತಡೆಯಿತು. ಕಂಬಳಿಗಳು ಆ ಚಳಿಗಾಲಕ್ಕೆ ಸವೆದವು. ಕಾನೂನು ಇಂದಿಗೂ ಇದೆ.

ಬೀಗದ ಕೈ ಕೊಟ್ಟ ಮೇಲೆ

ಚೀಟಿ ಕೈಗೆ ಬಂದ ಆರು ತಿಂಗಳಿಗೆ ಅವರಿಗೆ ಒಂದು ಕೋಣೆ ಸಿಕ್ಕಿತು. ಮುಂಗಡವನ್ನು ಸಂಸ್ಥೆ ಕಟ್ಟಿತು, ಬಾಡಿಗೆಯಲ್ಲಿ ಒಂದಷ್ಟು ಪಾಲನ್ನೂ ವಹಿಸಿಕೊಂಡಿತು. ಬೀಗದ ಕೈ ಹಸ್ತಾಂತರವಾದ ದಿನ ಫೋಟೊ ತೆಗೆದೆವು. ನಮ್ಮ ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ 'ಪುನರ್ವಸತಿ ಪೂರ್ಣ' ಎಂದು ಬರೆದು ಒಂದು ಗೆರೆ ಎಳೆದವನೂ ನಾನೇ. ಹತ್ತು ದಿನ ಬಿಟ್ಟು ಅಕ್ಕ ಕರೆದರೆಂದು ಜೊತೆಗೆ ಹೋಗಿ ನೋಡಿದೆ. ಮಂಚವನ್ನು ಮುಟ್ಟಿದ ಗುರುತಿರಲಿಲ್ಲ. ಬಾಗಿಲಿಗೆ ಒತ್ತಿಕೊಂಡಂತೆ ನೆಲದ ಮೇಲೆ ರಟ್ಟು ಹಾಸಿತ್ತು. ಚಪ್ಪಲಿಗಳು ತಲೆಯ ಕಡೆ, ಬಟ್ಟೆಯ ಕೆಳಗೆ. ಹೊರಗಿನ ಸದ್ದು ಕೇಳದಿದ್ದರೆ ನಿದ್ದೆ ಹತ್ತುವುದಿಲ್ಲ ಎಂದರು. ಇನ್ನೂ ಸ್ವಲ್ಪ ಹೊತ್ತು ಕುಳಿತ ಮೇಲೆ, ಮೂರು ದಿನದಿಂದ ಯಾರ ಜೊತೆಗೂ ಮಾತಾಡಿಲ್ಲ ಎಂದು, ಗೋಡೆಯನ್ನು ನೋಡುತ್ತ ಹೇಳಿದರು. ಕೋಣೆ ಸಿಕ್ಕ ದಿನ ಅವರು ಕಾವಲುಗಾರನನ್ನು, ಪಕ್ಕದಲ್ಲಿ ಮಲಗುತ್ತಿದ್ದವರನ್ನು, ಬೆಳಿಗ್ಗೆ ಜೊತೆಯಾಗಿ ಕೂಲಿಗೆ ಹೋಗುತ್ತಿದ್ದವರನ್ನು ಒಮ್ಮೆಲೇ ಕಳೆದುಕೊಂಡಿದ್ದರು. ನಾವು ಎಳೆದ ಗೆರೆಯಿಂದ ನಮ್ಮನ್ನೂ ಕಳೆದುಕೊಂಡಿದ್ದರು.

ನ್ಯೂಯಾರ್ಕಿನ ಗಂಡಸರ ತಂಗುದಾಣವೊಂದರಲ್ಲಿ ವೈದ್ಯರು ಮತ್ತು ಕಾರ್ಯಕರ್ತರು ಗಮನಿಸಿದ್ದೂ ಇದನ್ನೇ. ಮನೆ ಸಿಕ್ಕಿ ಹೋದವರು ಕೆಲವೇ ತಿಂಗಳಲ್ಲಿ ಮತ್ತೆ ತಂಗುದಾಣದ ಬಾಗಿಲಿಗೆ ಬರುತ್ತಿದ್ದರು. ಅಲ್ಲಿ ಅವರು ಹೂಡಿದ ಉಪಾಯ ಸರಳವಾಗಿತ್ತು: ತಂಗುದಾಣದಲ್ಲಿ ಪರಿಚಯವಿದ್ದ ಅದೇ ಕಾರ್ಯಕರ್ತರು, ಮನೆಗೆ ಹೋದ ಮೇಲೂ ಒಂಬತ್ತು ತಿಂಗಳು ಹೋಗಿ ಬರುತ್ತಿರಬೇಕು, ಮೊದಲು ಹೆಚ್ಚು, ಬರಬರುತ್ತ ಕಡಿಮೆ, ಅಷ್ಟರಲ್ಲಿ ಹೊಸ ಬೀದಿಯ ಔಷಧಿ ಅಂಗಡಿ, ಆಸ್ಪತ್ರೆ, ನೆರೆಹೊರೆ, ಬಂಧುಗಳು, ಯಾರಾದರೂ ಸರಿ, ಆ ಜಾಗವನ್ನು ತುಂಬುವಂತೆ ನೋಡಿಕೊಳ್ಳಬೇಕು. ತೀವ್ರ ಮಾನಸಿಕ ಕಾಯಿಲೆಯ 96 ಜನರನ್ನು ಎರಡು ಗುಂಪು ಮಾಡಿ ನೋಡಿದ ಈ ಪ್ರಯೋಗದ ಫಲ 1997ರಲ್ಲಿ ಪ್ರಕಟವಾಯಿತು. ಒಂದೂವರೆ ವರ್ಷದಲ್ಲಿ, ಮಾಮೂಲಿ ನೆರವು ಸಿಕ್ಕವರು ಸರಾಸರಿ 91 ರಾತ್ರಿ ಸೂರಿಲ್ಲದೆ ಕಳೆದಿದ್ದರೆ, ಹೀಗೆ ಜೊತೆ ಸಿಕ್ಕವರು ಕಳೆದದ್ದು 30. ಒಂಬತ್ತು ತಿಂಗಳ ನಂತರ ಭೇಟಿ ನಿಂತರೂ ಲಾಭ ನಿಲ್ಲಲಿಲ್ಲ ಎಂಬುದು ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಅಂಶ.

ಇದಕ್ಕೆ ದಾನಿಗಳನ್ನು ಹುಡುಕುವುದು ಕಷ್ಟ. ಕಂಬಳಿ ಕೊಡುವ ಫೋಟೊ ಬರುತ್ತದೆ, ಬೀಗದ ಕೈ ಕೊಡುವ ಫೋಟೊ ಇನ್ನೂ ಚೆನ್ನಾಗಿ ಬರುತ್ತದೆ. ಒಬ್ಬ ಕಾರ್ಯಕರ್ತೆ ಮಂಗಳವಾರ ಮಧ್ಯಾಹ್ನ ಯಾರದೋ ಕೋಣೆಯಲ್ಲಿ ಸುಮ್ಮನೆ ಅರ್ಧ ಗಂಟೆ ಕುಳಿತು ಎದ್ದು ಬಂದುದಕ್ಕೆ ಯಾವ ಫೋಟೊ? ಆ ಅರ್ಧ ಗಂಟೆಯನ್ನು ಲೆಕ್ಕಪತ್ರದಲ್ಲಿ 'ಆಡಳಿತ ವೆಚ್ಚ' ಎಂಬ ತಲೆಬರಹದ ಕೆಳಗೆ ಹಾಕುತ್ತಾರೆ, ಆಡಳಿತ ವೆಚ್ಚ ಕಡಿಮೆ ಇರುವ ಸಂಸ್ಥೆಯೇ ಪ್ರಾಮಾಣಿಕ ಎಂದು ಹೇಳಿ ಅದನ್ನು ಕಡಿಸುತ್ತಾರೆ. ಅಕ್ಕನ ಸಂಬಳ ಇಡೀ ನನ್ನ ಅವಧಿಯಲ್ಲಿ ಆ ತಲೆಬರಹದ ಕೆಳಗೇ ಇತ್ತು.

ದುಡ್ಡನ್ನು ಕೈಗೆ ಕೊಡುವ ಮಾತು

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಹಳ ಕಾಲದಿಂದ ಬೀದಿಯಲ್ಲಿದ್ದವರ ವಿಷಯ. ನಮ್ಮ ಕಣ್ಣಿಗೆ ಬೀಳುವವರು ಅವರೇ ಆದ್ದರಿಂದ ಎಲ್ಲರೂ ಹಾಗೆಯೇ ಎಂದು ತಿಳಿಯುತ್ತೇವೆ. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾದ ತಂಗುದಾಣಗಳ ದಾಖಲೆಗಳನ್ನು ಕೂನ್ ಮತ್ತು ಕಲ್ಹೇನ್ ಎಂಬ ಸಂಶೋಧಕರು 1998ರಲ್ಲಿ ಪರಿಶೀಲಿಸಿದಾಗ ಬೇರೆಯೇ ಚಿತ್ರ ಕಂಡಿತು. ಬಂದವರಲ್ಲಿ ಸುಮಾರು ಶೇ. 80 ಜನ ಸ್ವಲ್ಪ ಕಾಲವಿದ್ದು ಹೋದವರು, ಮತ್ತೆ ಬಾರದವರು. ವರ್ಷಗಟ್ಟಲೆ ಉಳಿದವರು ಶೇ. 10ರಷ್ಟು ಮಾತ್ರ, ಆದರೆ ಹಾಸಿಗೆಯ ದಿನಗಳಲ್ಲಿ ಸುಮಾರು ಅರ್ಧ ಅವರದ್ದೇ ಆಗಿತ್ತು. ಮೊದಲ ಗುಂಪಿನವರನ್ನು ಬೀದಿಗೆ ತಂದದ್ದು ಹೆಚ್ಚಾಗಿ ಒಂದೇ ಒಂದು ಏಟು: ತಪ್ಪಿದ ಕೆಲಸ, ಮುರಿದ ಸಂಬಂಧ, ಆಸ್ಪತ್ರೆಯ ಬಿಲ್ಲು, ಎರಡು ತಿಂಗಳ ಬಾಡಿಗೆ ಬಾಕಿ. ಅವರಿಗೆ ಸಂಸ್ಥೆ ಬೇಕಾಗಿದ್ದುದು ಬೀದಿಗೆ ಬಂದ ಮೇಲಲ್ಲ, ಬರುವ ಹಿಂದಿನ ವಾರ. ಮನೆ ಮಾಲೀಕರ ಹತ್ತಿರ ಮಾತಾಡುವವರಾಗಿ, ಬಾಕಿ ಕಟ್ಟುವವರಾಗಿ.

ಹಾಗಾದರೆ ದುಡ್ಡನ್ನೇ ಕೊಟ್ಟುಬಿಟ್ಟರೆ? ಈ ಪ್ರಶ್ನೆ ಸಭೆಯಲ್ಲಿ ಬಂದಾಗ ಯಾರಾದರೂ ಒಬ್ಬರು ತಕ್ಷಣ ಕುಡಿಯುವ ಸನ್ನೆ ಮಾಡುತ್ತಾರೆ. ಕೆನಡಾದ ವ್ಯಾಂಕೂವರಿನಲ್ಲಿ ಲಾಭರಹಿತ ಸಂಸ್ಥೆಯೊಂದು ವಿಶ್ವವಿದ್ಯಾಲಯದ ಸಂಶೋಧಕರ ಜೊತೆಗೂಡಿ, ಮನೆ ಕಳೆದುಕೊಂಡಿದ್ದ 50 ಜನರಿಗೆ ಯಾವ ಷರತ್ತೂ ಇಲ್ಲದೆ ಒಂದೇ ಕಂತಿನಲ್ಲಿ 7,500 ಕೆನಡಿಯನ್ ಡಾಲರ್ ಕೊಟ್ಟಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಣ ಸಿಗದವರಿಗೆ ಹೋಲಿಸಿದರೆ ಇವರು ಒಂದು ವರ್ಷದಲ್ಲಿ ಸರಾಸರಿ 99 ದಿನ ಕಡಿಮೆ ಸೂರಿಲ್ಲದೆ ಕಳೆದರು. ಮದ್ಯ ಮತ್ತು ಮಾದಕ ವಸ್ತುಗಳ ಮೇಲಿನ ಖರ್ಚು ಹೆಚ್ಚಲಿಲ್ಲ. ತೀವ್ರ ವ್ಯಸನ ಅಥವಾ ಮಾನಸಿಕ ಕಾಯಿಲೆ ಇದ್ದವರನ್ನು ಆ ಪ್ರಯೋಗಕ್ಕೆ ಆರಿಸಿಕೊಂಡಿರಲಿಲ್ಲ, ಆದ್ದರಿಂದ ಇದು ಎಲ್ಲರಿಗೂ ಹೊಂದುವ ಮಾತೆಂದು ಹೇಳಲಾರೆ. ಆದರೂ ಸಭೆಯಲ್ಲಿ ಆ ಸನ್ನೆ ಮಾಡುವವರಿಗೆ, ತಿಂಗಳ ಸಂಬಳ ಬಂದ ದಿನ ತಮ್ಮ ಖರ್ಚಿನ ಪಟ್ಟಿ ಯಾರಿಗಾದರೂ ತೋರಿಸುತ್ತೀರಾ ಎಂದು ಕೇಳಬೇಕೆಂದು ನನಗೆ ಪ್ರತಿ ಸಲ ಅನಿಸುತ್ತದೆ.

ಬೀರು

ನಾವು ಕೊನೆಗೂ ಚೀಲಗಳನ್ನು ಇಟ್ಟುಕೊಳ್ಳತೊಡಗಿದೆವು. ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಒಂದು ಸಂಸ್ಥೆ ರಸ್ತೆಯ ಬದಿಯಲ್ಲೇ ಲಾಕರುಗಳನ್ನು ನಿಲ್ಲಿಸಿ, ಬೀಗದ ಕೈಯನ್ನು ಬೀದಿಯಲ್ಲಿ ಮಲಗುವವರ ಕೈಗೇ ಕೊಟ್ಟಿದೆ ಎಂದು ಅಕ್ಕ ಎಲ್ಲೋ ಓದಿ ಬಂದು ಸಮಿತಿಯ ಮುಂದೆ ಹೇಳಿದ್ದರು. ನಮಗೆ ಅಷ್ಟು ಆಗಲಿಲ್ಲ. ಮುಚ್ಚಿಹೋದ ಕಚೇರಿಯೊಂದರಿಂದ ಇಪ್ಪತ್ತನಾಲ್ಕು ಖಾನೆಗಳ ಹಳೆಯ ಕಬ್ಬಿಣದ ಬೀರು ಸಿಕ್ಕಿತು. ಸಾಮಾನಿನ ಮಾಲೀಕರ ಎದುರಿಗೇ ತೆರೆದು ನೋಡಿ ಪಟ್ಟಿ ಮಾಡುವುದು, ಚೀಟಿ ಕೊಡುವುದು, ಮೂರು ತಿಂಗಳು ಯಾರೂ ಕೇಳಿಕೊಂಡು ಬಾರದಿದ್ದರೆ ಖಾಲಿ ಮಾಡುವುದು ಎಂದು ನಿಯಮ ಮಾಡಿದೆವು. ಒಂದು ವಾರದೊಳಗೆ ಎಲ್ಲ ಖಾನೆಗಳೂ ತುಂಬಿದವು. ತುಂಬಿದವರಲ್ಲಿ ಬಹಳ ಜನ ನಮ್ಮ ಹಾಸಿಗೆಯನ್ನು ಬೇಡ ಎಂದಿದ್ದವರು. ಬೆಳಿಗ್ಗೆ ಚೀಲ ಇಡಲು, ಸಂಜೆ ತೆಗೆದುಕೊಳ್ಳಲು ದಿನಕ್ಕೆ ಎರಡು ಸಲ ಬರತೊಡಗಿದರು. ಹೀಗೆ ಬಂದುಹೋಗುವ ನಡುವೆ ಕೆಲವರು ಗಾಯಕ್ಕೆ ಮದ್ದು ಕೇಳಿದರು, ಕೆಲವರು ಕಾಗದ ಓದಿಸಿಕೊಂಡರು, ಇಬ್ಬರು ಕೋಣೆಗೆ ಅರ್ಜಿ ಹಾಕಿದರು. ಜಗಲಿಯ ಮುದುಕರು ಮಾತ್ರ ಚೀಲವನ್ನಷ್ಟೇ ಇಡುತ್ತಿದ್ದರು, ಬೇರೆ ಮಾತಿಲ್ಲ.

ನಾನು ಆ ಕೆಲಸ ಬಿಡುವ ಹಿಂದಿನ ವಾರ ಬೀರುವಿನ ಲೆಕ್ಕ ಒಪ್ಪಿಸಬೇಕಾಗಿತ್ತು. ಹದಿನೇಳನೆಯ ಖಾನೆಯಲ್ಲಿದ್ದ ಗಂಟನ್ನು ಕೇಳಿಕೊಂಡು ಯಾರೂ ಬಾರದೆ ಒಂಬತ್ತು ತಿಂಗಳಾಗಿತ್ತು. ಪಟ್ಟಿಯಲ್ಲಿ ಒಂದು ಸ್ವೆಟರು, ಒಂದು ಜೊತೆ ಮಕ್ಕಳ ಬೂಟು, ರಬ್ಬರ್ ಬ್ಯಾಂಡು ಹಾಕಿದ ಕಾಗದಗಳ ಕಟ್ಟು ಎಂದಿತ್ತು. ಸರದಿಯಲ್ಲಿ ಆರು ಜನ ಖಾನೆಗಾಗಿ ಕಾಯುತ್ತಿದ್ದರು. ಇದನ್ನು ತೆಗೆಯಬೇಕಲ್ಲವೇ ಅಕ್ಕ ಎಂದು ಕೇಳಿದೆ. ಅವರು ಗಂಟನ್ನು ಹೊರಗೆ ತೆಗೆದು, ಖಾನೆಯನ್ನು ಒರೆಸಿ ಮುಂದಿನವರಿಗೆ ಬಿಡಲು ಹೇಳಿ, ಗಂಟನ್ನು ತಮ್ಮ ಮೇಜಿನ ಕೆಳಗಿನ ಅರೆಗೆ ತಳ್ಳಿದರು. ಆಮೇಲೆ ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡು, ಹಿಂದೆ ಎರಡು ಸಲ ಅವರದೇ ಅಕ್ಷರದಲ್ಲಿ ಹೊಡೆದುಹಾಕಿದ್ದ ದಿನಾಂಕದ ಪಕ್ಕದಲ್ಲಿ, ಮುಂದಿನ ಮೂರು ತಿಂಗಳ ದಿನಾಂಕವನ್ನು ಬರೆದರು.